ಹಿಲ್ಗೆರೊಗೆ ಸಿಕ್ಕ ಒಂಬತ್ತು ದಿನ

ನಮ್ಮ ಸ್ಪೇನಿನಲ್ಲಿ ಗೂಳಿಕಾಳಗದ ಅಖಾಡಕ್ಕೆ ಇಳಿದ ಗೂಳಿಯ ಪ್ರಾಣ ಉಳಿಯಬೇಕಾದರೆ ಮೂರು ಒಪ್ಪಿಗೆ ಬೇಕು. ಜನ ಬಿಳಿ ಕರವಸ್ತ್ರ ಬೀಸಿ ಕೇಳಬೇಕು. ಕತ್ತಿ ಹಿಡಿದವನು ಕೇಳಬೇಕು. ಕಡೆಗೆ, ಆ ಗೂಳಿಯನ್ನು ಸಾಕಿದ ಮನೆಯವರು ಹೂಂ ಅನ್ನಬೇಕು. ಈ ಮೂರನೆಯದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಸಾಕಿದವರು ಬೇಡ ಅಂದದ್ದನ್ನು ಯಾರು ಕೇಳಿದ್ದಾರೆ? ಆದರೂ ಮೇಲೆ ಕೂತ ಅಖಾಡದ ಅಧ್ಯಕ್ಷರು ಕ್ಷಮೆಯ ಕಿತ್ತಳೆ ಬಣ್ಣದ ವಸ್ತ್ರವನ್ನು ಇಳಿಬಿಡುವ ಮುಂಚೆ ಒಂದು ಗಳಿಗೆ ಕೆಳಗೆ ನೋಡುತ್ತಾರೆ. ಆ ವರ್ಷ ಸಂತ ಯೋವಾನ್ನರ ಹಬ್ಬದ ದಿನ ಅವರು ನಮ್ಮ ಧಣಿಯನ್ನು ನೋಡಿದರು. ಧಣಿ ನನ್ನನ್ನು ನೋಡಿದರು. ನಾನು ಹೂಂ ಎಂದು ತಲೆ ಆಡಿಸಿದೆ.

ನನ್ನ ಹೆಸರು ಬಸಿಲಿಯೊ. ಸಾಲಮಾಂಕ ಸೀಮೆಯ ಓಕ್ ಕಾವಲಿನಲ್ಲಿ ಮೂವತ್ತೊಂದು ವರ್ಷದಿಂದ ಒಂದೇ ಮನೆಯ ಗೂಳಿಗಳನ್ನು ಕಾಯುತ್ತಿದ್ದೇನೆ. ಮಂದೆಯ ಮೇಟಿ ಎನ್ನುತ್ತಾರೆ. ದನಗಾಹಿಗಳಲ್ಲಿ ಹಿರಿಯ, ಅಷ್ಟೇ. ಯಾವ ಕರು ಯಾವ ಹಸುವಿನದು, ಯಾವುದು ಸಾಧು, ಯಾವುದು ಕಳ್ಳ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ದೇವರು ನನಗೆ ಮಕ್ಕಳನ್ನು ಕೊಡಲಿಲ್ಲ. ಕೊಡದೆ ಇದ್ದದ್ದಕ್ಕೂ ಅವನ ಹತ್ತಿರ ಒಂದು ಕಾರಣ ಇರುತ್ತದೆ ಎಂದು ನಂಬಿ ಬದುಕಿದವನು ನಾನು.

ಆ ವರ್ಷ ಮೇ ತಿಂಗಳ ಕೊನೆಯಲ್ಲಿ ನನ್ನ ಅಣ್ಣ ಗಾಸ್ಪರನ ಮಗಳು ಎಲ್ವಿರ ಫ್ರಾನ್ಸಿನಿಂದ ಬಂದಳು. ಗಾಸ್ಪರ್ ಹತ್ತೊಂಬತ್ತನೆಯ ವಯಸ್ಸಿಗೆ ತುಲೂಸಿಗೆ ಹೋದವನು. ಅಲ್ಲಿನ ಹಂಚಿನ ಕಾರ್ಖಾನೆಯಲ್ಲಿ ದುಡಿದು, ಅಲ್ಲಿಯೇ ಮದುವೆಯಾಗಿ, ಆ ವರ್ಷ ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಅಲ್ಲಿಯೇ ತೀರಿಕೊಂಡ. ದೇಹ ಅಲ್ಲಿತ್ತು, ಕಿವಿ ಮಾತ್ರ ಇಲ್ಲಿಯೇ ಇತ್ತು. ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಫೋನು ಮಾಡಿ, ನನ್ನ ಆರೋಗ್ಯ ಕೇಳುವ ಮೊದಲು, "ಈ ಸಲ ಯಾರ್‍ಯಾರು ಹೋಗ್ತಾರೆ?" ಎಂದು ಗೂಳಿಗಳ ಹೆಸರು ಕೇಳುತ್ತಿದ್ದ.

ಎಲ್ವಿರಳನ್ನು ನಾನು ನೋಡಿದ್ದು ಅವಳು ಚಿಕ್ಕವಳಿದ್ದಾಗ ಚರ್ಚಿನಲ್ಲಿ ಮೊದಲ ಪರಮಪ್ರಸಾದ ಪಡೆದ ದಿನದ ಪಟದಲ್ಲಿ ಮಾತ್ರ. ಈಗ ನಲವತ್ತರ ಹೆಂಗಸು. ಅಣ್ಣನ ಹುಬ್ಬು, ಅಣ್ಣನ ಹಟ. ಅವಳ ಸ್ಪಾನಿಷ್ ಮಾತು ಅವಳಪ್ಪನದೇ, ನಲವತ್ತೈದು ವರ್ಷದ ಹಿಂದೆ ನಮ್ಮೂರಲ್ಲಿ ಆಡುತ್ತಿದ್ದ ಮಾತು. ಈಗ ಇಲ್ಲಿಯ ಹುಡುಗರಿಗೂ ಬಾರದ ಪದಗಳು ಅವಳ ಬಾಯಲ್ಲಿ ಫ್ರೆಂಚರ ರಾಗದಲ್ಲಿ ಬರುತ್ತಿದ್ದವು. ನನ್ನ ಹೆಂಡತಿ ಪೆತ್ರ ಮಸೂರದ ಸಾರಿಗೆ ಚೊರಿಸೊ ಎಂಬ ಹಂದಿಮಾಂಸದ ಸಾಸೇಜು ಹಾಕಿ ಬಡಿಸುತ್ತಾ ಅವಳನ್ನು ಮಾತಿಗೆಳೆದಳು.

"ಅಲ್ಲೇನು ಡಾಕ್ಟರಿಕೆ ಮಾಡ್ತೀಯ ಮಗಳೇ?"

"ನಾಯಿ, ಬೆಕ್ಕು. ಒಂದೊಂದ್ಸಲ ಮೊಲ ತರ್ತಾರೆ ಚಿಕ್ಕಮ್ಮ."

"ಮೊಲಕ್ಕೆ ಏನ್ ಹಾಕ್ತೀಯ?"

"ಇಂಜೆಕ್ಷನ್ನು."

"ನಾವು ಬೆಳ್ಳುಳ್ಳಿ ಹಾಕ್ತೀವಿ" ಎಂದಳು ಪೆತ್ರ.

ಎಲ್ವಿರ ನಕ್ಕಳು. ನಕ್ಕು ಚಮಚ ಕೆಳಗಿಟ್ಟಳು. "ಚಿಕ್ಕಪ್ಪ, ನಾನು ಯಾಕ್ ಬಂದೆ ಅಂತ ಹೇಳ್ಬಿಡ್ತೀನಿ. ನನಗೆ ಗೂಳಿಕಾಳಗ ಕಂಡ್ರೆ ಆಗಲ್ಲ. ಚಿಕ್ಕವಳಾಗಿದ್ದಾಗಿಂದ. ಒಂದ್ಸಲ ಊಟಕ್ಕೆ ಕೂತಾಗ ಅಪ್ಪನಿಗೆ ಅಂದ್ಬಿಟ್ಟೆ, ಕೊಲೆ ನೋಡಿ ಕಣ್ಣೀರು ಹಾಕೋರ ಜತೆ ನಾನು ಕೂರಲ್ಲ ಅಂತ. ಆಮೇಲೆ ಅಪ್ಪ ಮನೇಲಿ ಗೂಳಿ ಮಾತೇ ಎತ್ತಲಿಲ್ಲ. ಭಾನುವಾರ ಫೋನ್ ಮಾಡೋಕೆ ಬೀದಿಗೆ ಹೋಗ್ತಿದ್ರು. ಎಲ್ಲಿಗೆ ಹೋಗ್ತಾರೆ ಅಂತ ನಾನು ಒಂದಿನಾನೂ ಕೇಳಲಿಲ್ಲ."

ಫೋನಿನಲ್ಲಿ ಅವನ ಮಾತಿನ ಹಿಂದೆ ಯಾಕೆ ಯಾವಾಗಲೂ ಮೋಟಾರುಗಳ ಸದ್ದು ಇರುತ್ತಿತ್ತು ಎಂಬುದು ಆಗ ನನಗೆ ತಿಳಿಯಿತು.

"ಅದಕ್ಕೇ ಒಂದ್ಸಲ ನೋಡ್ತೀನಿ" ಎಂದಳು. "ಅವರು ಏನ್ ನೋಡ್ತಿದ್ರು ಅಂತ. ಇಷ್ಟ ಆಗದಿದ್ರೆ ಆಗಲಿಲ್ಲ ಅಂತ್ಲೇ ಹೇಳ್ತೀನಿ."

"ಹೇಳು" ಎಂದೆ. "ನಮ್ಮಲ್ಲೇ ಅರ್ಧ ಜನ ಹಾಗೇ ಹೇಳ್ತಾರೆ."

ಹಿಲ್ಗೆರೊ ಆ ವರ್ಷ ಅಖಾಡಕ್ಕೆ ಹೋಗಬೇಕಾಗಿದ್ದ ಆರು ಗೂಳಿಗಳಲ್ಲಿ ಒಂದು. ನಮ್ಮಲ್ಲಿ ಗೂಳಿಗೆ ತಾಯಿಯ ಹೆಸರೇ ಬರುತ್ತದೆ. ಇವನ ತಾಯಿ ಹಿಲ್ಗೆರ. ಕೆಂಪು ಮುಖದ ಒಂದು ಪುಟ್ಟ ಹಾಡುವ ಹಕ್ಕಿಯ ಹೆಸರು ಅದು. ಬೂದು ಮೈ, ಕಪ್ಪು ಮೂತಿ, ಕೊಂಬು ಅಗಲ. ಹುಟ್ಟಿದ ದಿನ ಮಂಜು ಬಿದ್ದಿತ್ತು. ತಾಯಿ ನೆಕ್ಕಿ ನೆಕ್ಕಿ ಅವನನ್ನು ಎಬ್ಬಿಸುವುದನ್ನು ನಾನು ಕುದುರೆಯ ಮೇಲೆ ಕೂತು ನೋಡಿ ಶಿಲುಬೆಯ ಗುರುತು ಮಾಡಿಕೊಂಡಿದ್ದೆ. ನಾಲ್ಕೂವರೆ ವರ್ಷ ಅವನು ಯಾರ ಗೊಡವೆಗೂ ಹೋಗಲಿಲ್ಲ, ಯಾರಿಗೂ ದಾರಿ ಬಿಡಲಿಲ್ಲ. ಎಲ್ವಿರಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಕಾವಲಿಗೆ ಹೋದಾಗ ಅವನು ರಸ್ತೆಗೆ ಅಡ್ಡ ನಿಂತಿದ್ದ. ನಾವು ಇಪ್ಪತ್ತು ನಿಮಿಷ ಕಾದೆವು.

"ಹಾರ್ನ್ ಮಾಡಿ" ಎಂದಳು.

"ಅವನ ಮನೆ ಇದು. ನಾವು ಬಂದಿರೋರು."

ಅವಳು ಅವನನ್ನೇ ನೋಡುತ್ತಿದ್ದಳು. "ಇಷ್ಟು ಚೆನ್ನಾಗಿ ಸಾಕಿ..." ಎಂದು ಶುರು ಮಾಡಿದವಳು ಮುಂದೆ ಹೇಳಲಿಲ್ಲ. ಅವಳು ಹೇಳದೆ ಬಿಟ್ಟದ್ದನ್ನು ನಾನು ಎಷ್ಟೋ ವರ್ಷ ಜಪಮಾಲೆಯ ಮಣಿಗಳ ನಡುವೆ ನನಗೆ ನಾನೇ ಹೇಳಿಕೊಂಡಿದ್ದೇನೆ.

ಹಬ್ಬದ ದಿನ ನಾನೂ ಧಣಿಯೂ ಅಖಾಡದ ಹಲಗೆ ಗೋಡೆಯ ಹಿಂದಿನ ಓಣಿಯಲ್ಲಿ ನಿಂತಿದ್ದೆವು. ಎಲ್ವಿರ ಮತ್ತು ಪೆತ್ರ ನಮ್ಮ ಬೆನ್ನ ಹಿಂದೆಯೇ, ಮೊದಲ ಸಾಲಿನಲ್ಲಿ. ಮೊದಲ ಗೂಳಿಗೆ ಎಲ್ವಿರ ಮುಖ ತಿರುಗಿಸಿದಳು. ಎರಡನೆಯದಕ್ಕೆ ಎದ್ದು ಹೊರಗೆ ಹೋದಳು. ಮೂರನೆಯದು ಮುಗಿಯುವ ಹೊತ್ತಿಗೆ ತಿರುಗಿ ಬಂದಳು, ಮುಖ ತೊಳೆದುಕೊಂಡಿದ್ದಳು.

"ಹೋಗಿ ಮನೇಲಿರು ಮಗಳೇ" ಎಂದು ಪೆತ್ರ ಹೇಳುವುದು ನನಗೆ ಕೇಳಿಸಿತು. "ನಿಮ್ಮಪ್ಪನಿಗೆ ಬೇಜಾರಾಗಲ್ಲ."

"ನಾಲ್ಕನೇದು ಹಿಲ್ಗೆರೊ ಅಲ್ವಾ? ಅವನನ್ನ ಬಿಟ್ಟು ಹೋಗೋಕಾಗಲ್ಲ."

ಹಿಲ್ಗೆರೊ ಬಾಗಿಲಿನಿಂದ ಓಡಿ ಬರಲಿಲ್ಲ. ನಡೆದು ಬಂದ. ಮರಳಿನ ನಡುವೆ ನಿಂತು ಸುತ್ತಲೂ ನೋಡಿದ. ಆಮೇಲೆ ಅವನು ಮಾಡಿದ್ದನ್ನು ಆ ಊರಿನವರು ಇನ್ನೂ ಹೇಳಿಕೊಳ್ಳುತ್ತಾರೆ. ಕುದುರೆಯ ಮೇಲಿನ ಈಟಿಗಾರನತ್ತ ಮೂರು ಸಲ ನುಗ್ಗಿದ. ಪ್ರತಿ ಸಲವೂ ಮೊದಲಿಗಿಂತ ದೂರದಿಂದ, ಮೊದಲಿಗಿಂತ ಹುರುಪಿನಿಂದ. ಈಟಿ ಬೀಳಬೇಕಾದದ್ದು ಕತ್ತಿನ ಹಿಂದಿನ ದಪ್ಪ ಮಾಂಸದಲ್ಲಿ. ಮೊದಲ ಎರಡು ಅಲ್ಲಿಯೇ ಬಿದ್ದವು. ಮೂರನೆಯ ಸಲ ಕುದುರೆ ಜಾರಿತು, ಈಟಿಗಾರ ತೂಕ ತಪ್ಪಿ ಮುಂದಕ್ಕೆ ಬಾಗಿದ. ಈಟಿ ಒಂದೂವರೆ ಗೇಣು ಹಿಂದೆ, ಭುಜದ ಎಲುಬಿನ ಪಕ್ಕ ಇಳಿಯಿತು. ಅದನ್ನು ಎಳೆದಾಗ ಗಾಯದ ಬಾಯಲ್ಲಿ, ಎದೆಯೊಳಗಿನ ಉಸಿರು ಹೊರಬಿದ್ದಂತೆ, ಒಂದು ಗುಳ್ಳೆ ಎದ್ದು ಒಡೆಯಿತು. ಒಂದೇ ಒಂದು. ಧಣಿ ಆಗ ಸಿಗಾರು ಹಚ್ಚುತ್ತಿದ್ದರು. ನಾನು ನೋಡಿದೆ.

ಕತ್ತಿ ಹಿಡಿಯುವ ಮಟಡೋರ್ ಟೊಲೆಡೊ ಊರಿನ ಕಡೆಯ ಹುಡುಗ, ಒಳ್ಳೆಯ ಕೈ. ಕೆಂಪು ಬಟ್ಟೆಯನ್ನು ಮರಳಿಗೆ ತಾಗಿಸಿ ಇಟ್ಟ. ಹಿಲ್ಗೆರೊ ಮೂತಿಯಿಂದ ಮರಳು ಗುಡಿಸುತ್ತಾ ಅದರ ಹಿಂದೆ ಹೋದ, ತಿರುಗಿದ, ಮತ್ತೆ ಬಂದ. ಏನೂ ಬೇಡದವನಂತೆ, ಎಲ್ಲವನ್ನೂ ಕೊಡುವವನಂತೆ ಬಂದ. ಸಂಗೀತದವರು ನುಡಿಸುವುದನ್ನು ನಿಲ್ಲಿಸಿದರು. ಅಷ್ಟು ಜನರಿದ್ದ ಕಡೆ ಗೂಳಿಯ ಉಸಿರು ಕೇಳಿಸುತ್ತಿತ್ತು. ಚರ್ಚಿನ ಪೂಜೆಯಲ್ಲಿ ಗುರುಗಳು ಪ್ರಸಾದದ ರೊಟ್ಟಿಯನ್ನು ಎತ್ತಿ ಹಿಡಿದಾಗ ಇಂಥದೇ ಮೌನ ಇರುತ್ತದೆ. ಹೀಗೆ ಹೋಲಿಸುವುದು ಪಾಪವಾದರೆ ಅದೂ ನನ್ನ ಲೆಕ್ಕಕ್ಕೇ ಇರಲಿ.

ಆಮೇಲೆ ಕರವಸ್ತ್ರಗಳು ಎದ್ದವು. ಮೊದಲು ಬಿಸಿಲಿನ ಕಡೆಯ ಬಡವರ ಸಾಲುಗಳಲ್ಲಿ, ನಂತರ ನೆರಳಿನ ಕಡೆ, ನಂತರ ಎಲ್ಲೆಲ್ಲೂ. ಹುಡುಗ ಕತ್ತಿಯನ್ನು ಕೆಳಗಿಳಿಸಿ ಅಧ್ಯಕ್ಷರತ್ತ ನೋಡಿದ. ನಾನು ಹಿಂದೆ ತಿರುಗಿದೆ. ಎಲ್ವಿರ ಬೆಂಚಿನ ಮೇಲೆ ಹತ್ತಿ ನಿಂತಿದ್ದಳು. ಅವಳ ಕೈಯಲ್ಲಿದ್ದದ್ದು ಗಾಸ್ಪರನ ಕರವಸ್ತ್ರ, ನಮ್ಮಮ್ಮ ಮೂಲೆಯಲ್ಲಿ ಅವನ ಹೆಸರಿನ ಅಕ್ಷರ ಹೊಲಿದು ಕೊಟ್ಟದ್ದು. ಅದನ್ನು ಬೀಸುತ್ತಾ ಅವಳು ಬಾಯಿ ತೆರೆದು ಅಳುತ್ತಿದ್ದಳು. ನಮ್ಮಪ್ಪ ಸತ್ತಾಗ ಗಾಸ್ಪರ್ ಹೀಗೇ ಅತ್ತಿದ್ದ, ಬಾಯಿ ತೆರೆದು, ಸದ್ದಿಲ್ಲದೆ.

"ಏನಂತೀಯ ಬಸಿಲಿಯೊ?" ಎಂದರು ಧಣಿ. "ಮಂದೆಗೆ ಇಂಥ ತಂದೆ ಸಿಕ್ತಾನಾ? ಮೈ ಗಟ್ಟಿ ಇದೆ ತಾನೇ?"

ಆ ಗುಳ್ಳೆ ನನ್ನ ಕಣ್ಣ ಮುಂದೆಯೇ ಇತ್ತು. ನಾನು ತಲೆ ಆಡಿಸಿದೆ.

ಅಧ್ಯಕ್ಷರ ಕಿತ್ತಳೆ ವಸ್ತ್ರ ಇಳಿಯಿತು. ಮಿಕ್ಕದ್ದೆಲ್ಲ ಸಂತೋಷ. ಹುಡುಗ ಕತ್ತಿಯನ್ನು ಎಸೆದು, ಬರಿಯ ಅಂಗೈಯಿಂದ ಗೂಳಿಯ ಬೆನ್ನು ಮುಟ್ಟಿ ಕೊಂದಂತೆ ನಟಿಸಿದ. ಗಂಟೆ ಕಟ್ಟಿದ ಎತ್ತುಗಳು ಬಂದು ಹಿಲ್ಗೆರೊನನ್ನು ಕರೆದುಕೊಂಡು ಹೋದವು. ಗುರುತಿಲ್ಲದ ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಮ್ಮ ಊರಿನ ಗುರುಗಳೂ ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಎಲ್ವಿರ ಹಲಗೆಯ ಮೇಲಿಂದ ಬಾಗಿ ನನ್ನ ಕತ್ತು ಹಿಡಿದುಕೊಂಡಳು.

"ಅಪ್ಪ ನೋಡ್ಬೇಕಿತ್ತು ಚಿಕ್ಕಪ್ಪ. ಅವರಿಗೆ ನಾನೇನೋ ಅಂದ್ಬಿಟ್ಟಿದ್ದೆನಲ್ಲ, ಈಗ ಅವರೇ ಕೇಳಿದ್ರೆ ಏನ್ ಹೇಳಲಿ?"

ಅವಳಿಗೆ ಮರುದಿನದ ಬಸ್ಸಿತ್ತು. ಹೋಗಲಿಲ್ಲ. "ನಾಯಿ ಬೆಕ್ಕು ಕಾಯ್ತವೆ, ನಾನು ಇವನನ್ನ ನೋಡ್ಕೋತೀನಿ" ಎಂದಳು. ಸಾಲಮಾಂಕದ ದನದ ಡಾಕ್ಟರು ಬಂದು ಗಾಯ ತೊಳೆದು, ಮದ್ದು ಬರೆದು, ದಿನವೂ ಮಾಡಬೇಕಾದ್ದನ್ನು ಅವಳಿಗೆ ಹೇಳಿಕೊಟ್ಟು ಹೋದರು.

ಗೂಳಿಗೆ ಶುಶ್ರೂಷೆ ಅಂದರೆ ಏನು ಎಂದು ಕರವಸ್ತ್ರ ಬೀಸುವವರಿಗೆ ತಿಳಿಯುವುದಿಲ್ಲ. ಅವನು ನಿಂತು ಕೈ ಚಾಚಿದವನಿಗೆ ಮೈ ಕೊಡುವ ಹಾಲಿನ ಹಸುವಲ್ಲ. ದಿನವೂ ಬೆಳಿಗ್ಗೆ ಕುದುರೆ ಮತ್ತು ಎತ್ತುಗಳಿಂದ ಅವನನ್ನು ದೊಡ್ಡಿಯ ಇಕ್ಕಟ್ಟಾದ ಓಣಿಗೆ ಅಟ್ಟಬೇಕು. ಎರಡು ಕಬ್ಬಿಣದ ಗೋಡೆಗಳ ನಡುವೆ ಅದುಮಿ ಹಿಡಿಯಬೇಕು. ಮೇಲಿನ ಸಂದಿಯಿಂದ ಕೊಳವೆ ಇಳಿಸಿ ಗಾಯದೊಳಕ್ಕೆ ಮದ್ದಿನ ನೀರು ಬಿಡಬೇಕು. ಅಖಾಡದಲ್ಲಿ ಮೂರು ಈಟಿ ತಿಂದು ಒಮ್ಮೆಯೂ ಕೂಗದವನು ಅಲ್ಲಿ ಕೂಗಿದ. ಅವನ ಕೂಗಿಗೆ ದೂರದ ಕಾವಲಿನಲ್ಲಿ ಮೇಯುತ್ತಿದ್ದ ಅವನ ತಾಯಿ ತಲೆಯೆತ್ತುತ್ತಿತ್ತು.

ಮೊದಲೆರಡು ದಿನ ಹುಡುಗಾಟದ ಮಾತು ನಡೆಯುತ್ತಿತ್ತು. ನನ್ನ ಜತೆಯ ದನಗಾಹಿ ಸಿಪ್ರಿಗೆ ಬಾಯಿ ಸುಮ್ಮನಿರುವುದಿಲ್ಲ.

"ಬೆಕ್ಕಿನ ಡಾಕ್ಟರಮ್ಮ, ಗೂಳಿ ಮೀಸೆ ಎಣಿಸಿದ್ದಾಯ್ತಾ? ಬೆಕ್ಕಿಗೆ ನಿಮ್ಮ ಕಡೆ ಮೀಸೆ ಎಣಿಸೇ ಜ್ವರ ನೋಡ್ತಾರಂತೆ."

"ನಿನ್ನದು ಮೊದಲು ಎಣಿಸ್ತೀನಿ ಬಾ ಸಿಪ್ರಿ. ಎರಡೇ ಕೂದಲಿರೋದು, ಬೇಗ ಮುಗಿಯತ್ತೆ."

ನಾಲ್ಕನೆಯ ದಿನ ಹಿಲ್ಗೆರೊ ಮೇವು ತಿಂದ. ಹಸುಗಳಿದ್ದ ಬೇಲಿಯ ಹತ್ತಿರ ಹೋಗಿ ಗಾಳಿ ಮೂಸಿದ. ಪೆತ್ರ ಮಾತೆ ಮರಿಯಮ್ಮನಿಗೆ ಮೇಣದಬತ್ತಿ ಹಚ್ಚಿದಳು. ಎಲ್ವಿರ ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬ ತಿಂದು, ಬೆಂಚಿನ ಮೇಲೆಯೇ ನಿದ್ದೆ ಹೋದಳು. ನನ್ನ ಎದೆಯ ಮೇಲಿನ ಕಲ್ಲು ಒಂದು ಕೂದಲೆಳೆ ಸರಿಯಿತು. ನಾನು ಕಂಡದ್ದು ಸುಳ್ಳಿರಬಹುದು, ಬಿಸಿಲಿಗೆ ಕಣ್ಣು ಮೋಸ ಮಾಡಿರಬಹುದು ಎಂದುಕೊಂಡೆ.

ಐದನೆಯ ದಿನ ಜ್ವರ ಬಂತು. ಏಳನೆಯ ದಿನ ಎತ್ತುಗಳು ಬಂದರೂ ಅವನು ಏಳಲಿಲ್ಲ. ಎಂಟನೆಯ ದಿನ ಎದ್ದ, ತಾನಾಗಿಯೇ ಓಣಿಗೆ ನಡೆದು ಹೋಗಿ ನಿಂತ. ಅವನನ್ನು ಅಟ್ಟಲು ಬಂದಿದ್ದ ಸಿಪ್ರಿ ಟೋಪಿ ತೆಗೆದು ಪಕ್ಕಕ್ಕೆ ಸರಿದ.

ಎಲ್ವಿರ ಮೊಳಕೈವರೆಗೆ ರಬ್ಬರಿನ ಗವಸು ಹಾಕಿ ಗಾಯದೊಳಗೆ ಕೈಯಿಟ್ಟು ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದಳು. ಹೊರಗೆ ಬಂದು ಕೈ ತೊಳೆದಳು.

"ಗಾಯಕ್ಕೆ ಮೂರು ದಾರಿ ಇದೆ ಚಿಕ್ಕಪ್ಪ. ಎರಡನ್ನ ತೊಳೀತಾ ಇದ್ವಿ. ಮೂರನೇದು ಕೆಳಗಡೆ ಹೋಗಿದೆ, ಎದೆ ಒಳಗೆ. ಅಲ್ಲಿ ಪೂರ್ತಿ ಕೀವು. ನನ್ನ ಕೈ ಹೋಗಲ್ಲ, ಯಾರ ಕೈಯೂ ಹೋಗಲ್ಲ."

"ಗೊತ್ತು."

"ಗೊತ್ತು ಅಂದ್ರೆ? ನನಗೇ ಈಗ ಸಿಕ್ಕಿದ್ದು."

ಅವಳು ನೀರು ನಿಲ್ಲಿಸಿದಳು.

"ಯಾವಾಗಿಂದ ಗೊತ್ತು?"

"ಅಖಾಡದಲ್ಲೇ. ಮೂರನೇ ಈಟಿ ಬಿದ್ದಾಗ."

"ಮತ್ತೆ ಹೂಂ ಅಂದ್ರಲ್ಲ."

"ಹೂಂ ಅಂದೆ."

"ಯಾಕೆ?"

"ನೀನು ಅಳ್ತಾ ಇದ್ದೆ. ಥೇಟ್ ಗಾಸ್ಪರ್ ಹಾಗೆ."

"ನನ್ನ ಮೇಲೆ ಹಾಕ್ಬೇಡಿ" ಎಂದಳು. ದನಿ ಏರಿಸಲಿಲ್ಲ.

"ಹಾಕಲ್ಲ ಮಗಳೇ. ನಿನ್ನ ನೆಪ ಹೇಳ್ದೆ, ತಪ್ಪಾಯ್ತು. ನನಗೇ ಅವನು ಬೇಕಾಗಿದ್ದ. ಮೂವತ್ತೊಂದು ವರ್ಷ ಎಲ್ಲರನ್ನೂ ಕಳಿಸಿದೀನಿ. ಒಬ್ಬನಾದ್ರೂ ನನ್ನ ಜತೆ ವಾಪಸ್ ಮನೆಗೆ ಬರಲಿ ಅನ್ನಿಸ್ತು."

ಅವಳು ನೆಲದ ಮೇಲೆ ಕೂತಳು. "ಅವತ್ತು ಬೇಡ ಅಂದಿದ್ರೆ?"

"ಕತ್ತಿ. ಹುಡುಗನ ಕೈ ಚೆನ್ನಾಗಿತ್ತು. ಹತ್ತು ಎಣಿಸೋದರೊಳಗೆ ಆಗೋಗ್ತಿತ್ತು."

"ಅದನ್ನೇ ನಾನು ಅಸಹ್ಯ ಅಂತಿದ್ದೆ."

"ಈಗ?"

"ಈಗಲೂ ಅಸಹ್ಯಾನೇ. ಇದೂ ಅಸಹ್ಯ. ಯಾವುದು ಕಮ್ಮಿ ಅಂತ ನನ್ನನ್ನ ಕೇಳ್ಬೇಡಿ ಚಿಕ್ಕಪ್ಪ." ಗವಸನ್ನು ಮಡಚಿಟ್ಟು ಹೇಳಿದಳು: "ನಾಳೆ ಬೆಳಿಗ್ಗೆ ಮುಗಿಸೋಣ. ಇನ್ನೊಂದ್ಸಲ ಆ ಕಬ್ಬಿಣದೊಳಗೆ ಅವನನ್ನ ಹಾಕಲ್ಲ ನಾನು."

ಧಣಿಗೆ ಹೇಳಿದೆ. ಒಂದು ಹಸುವಿನ ಜತೆಯಾದರೂ ಬಿಡೋಣ, ಒಂದು ಕರುವಾದರೂ ಉಳಿಯಲಿ ಎಂದರು. ಆಗುವುದಿಲ್ಲ ಎಂದೆ. ಆ ಒಂದು ಮಾತನ್ನು ಎಂಟು ದಿನ ಮುಂಚೆ ಹೇಳಬಹುದಿತ್ತು.

ಒಂಬತ್ತನೆಯ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಹಿಲ್ಗೆರೊ ಹಳ್ಳದ ಪಕ್ಕ ಮಲಗಿದ್ದ. ನಮ್ಮ ಗೂಳಿಗಳು ನೆಲದ ಮೇಲೆ ನಿಂತ ಮನುಷ್ಯನನ್ನು ಅಖಾಡಕ್ಕೆ ಹೋಗುವವರೆಗೆ ಹತ್ತಿರದಿಂದ ನೋಡಿರಬಾರದು. ಅದಕ್ಕೇ ನಾವು ಕುದುರೆ ಇಳಿಯುವುದಿಲ್ಲ. ಅಂದು ಇಳಿದೆ. ಎಲ್ವಿರ ನನ್ನ ಹಿಂದೆ ಬಂದಳು. ಹದಿನೈದು ಹೆಜ್ಜೆ ದೂರದಲ್ಲಿ ಅವನು ನನ್ನನ್ನು ನೋಡಿದ. ಮುಂಗಾಲು ಮಡಚಿ ಏಳಲು ನೋಡಿದ. ಮೈಯಲ್ಲಿ ಏನೂ ಉಳಿದಿರಲಿಲ್ಲ, ಆದರೂ ತಲೆ ತಗ್ಗಿಸಿ ಕೊಂಬು ನನ್ನ ಕಡೆ ಮಾಡಿದ. ಅವನ ಜಾತಿಗೆ ಗೊತ್ತಿರುವುದು ಅದೊಂದೇ. ನಾವು ಅವನಿಗೆ ಕಲಿಸಿದ್ದೂ, ಅವನಿಂದ ಕೇಳಿದ್ದೂ ಅದೊಂದೇ.

"ಸಾಕು ಮಗನೇ" ಎಂದೆ. ನಾಲ್ಕೂವರೆ ವರ್ಷದಲ್ಲಿ ಅವನ ಹತ್ತಿರ ಆಡಿದ ಮೊದಲ ಮಾತು ಅದು.

ಕೊಂಬು ಹಿಡಿದೆ. ಬಿಸಿಯಾಗಿತ್ತು. ಎಲ್ವಿರ ಮಂಡಿಯೂರಿ ಅವನ ಕತ್ತಿನ ನರ ಹುಡುಕಿದಳು. ಔಷಧ ಒಳಗೆ ಹೋಗುವವರೆಗೂ ಅವನು ನನ್ನ ಅಂಗೈಯ ವಿರುದ್ಧ ತಲೆಯಿಂದ ತಳ್ಳುತ್ತಿದ್ದ, ಮೆಲ್ಲಗೆ, ಬಾಗಿಲು ತಳ್ಳುವ ಹಾಗೆ. ಆಮೇಲೆ ತಳ್ಳುವುದು ನಿಂತಿತು. ನಾನು ಪರಲೋಕದಲ್ಲಿರುವ ನಮ್ಮ ತಂದೆಯೇ ಎಂಬ ಪ್ರಾರ್ಥನೆ ಶುರು ಮಾಡಿ, ಕ್ಷಮಿಸು ಎಂಬ ಸಾಲಿಗೆ ಬಂದು ನಿಂತುಬಿಟ್ಟೆ. ದೇವರ ನೆನಪೇ ಇಲ್ಲದವಳು ಎಂದು ಅಣ್ಣ ಹೇಳುತ್ತಿದ್ದ ಎಲ್ವಿರ, ಅಪ್ಪ ಕಲಿಸಿದ್ದ ಹಳೆಯ ಮಾತಿನಲ್ಲಿ, ಮಿಕ್ಕದ್ದನ್ನು ಹೇಳಿ ಮುಗಿಸಿದಳು.

ಸಂಜೆ ಧಣಿ ಬಂದರು. "ಊರಲ್ಲಿ ಹೇಳೋದು ಬೇಡ ಬಸಿಲಿಯೊ. ಜನ ಇನ್ನೂ ಅದೇ ಖುಷೀಲಿದಾರೆ. ಗೂಳಿ ಸಾಕೋ ಎಲ್ಲ ಮನೆಯವರೂ ಹೀಗೇ ಮಾಡೋದು."

"ನಾನು ಸುಳ್ಳು ಹೇಳಲ್ಲ" ಎಂದಳು ಎಲ್ವಿರ. "ಕ್ಷಮಿಸಿದ್ವಿ ಅಂತ ಮನೆಗೆ ಹೋಗಿ ಮಲಗಿದೋರಿಗೆ ಗೊತ್ತಾಗಲಿ. ಮೊದಲು ನನ್ನ ಹೆಸರೇ ಹೇಳ್ತೀನಿ."

ಧಣಿ ಟೋಪಿ ಹಾಕಿಕೊಂಡು ಹೋದರು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನೂ ಅವಳ ಜತೆ ನಿಂತು ಹೇಳಬೇಕೆಂದು ಗಟ್ಟಿ ಮಾಡಿಕೊಂಡೆ.

ಮರುದಿನ ಅವಳ ಬಸ್ಸು. ದಾರಿಗೆಂದು ರೊಟ್ಟಿ ಕೊಳ್ಳಲು ಎಂಗ್ರಾಸಿಯಳ ಅಂಗಡಿಗೆ ಹೋದೆವು. ಎಪ್ಪತ್ತು ದಾಟಿದ ಮುದುಕಿ. ಗಂಡನಿಗೆ ಲಕ್ವ ಹೊಡೆದು ಎರಡು ವರ್ಷ. ಹಬ್ಬದ ದಿನ ಅವನನ್ನು ಗಾಲಿಕುರ್ಚಿಯಲ್ಲಿ ಅಖಾಡಕ್ಕೆ ಕರೆತಂದಿದ್ದಳು.

"ಬಾ ಬಸಿಲಿಯೊ, ದೊಡ್ಡ ಮನುಷ್ಯ ಆಗ್ಬಿಟ್ಟೆ, ಮುಖಾನೇ ತೋರಿಸಲ್ಲ" ಎಂದಳು. "ಇವಳೇನಾ ಗಾಸ್ಪರನ ಮಗಳು? ಬೆಂಚು ಹತ್ತಿ ಬೀಸಿದ್ದು ನೋಡ್ದೆ ಕಣಮ್ಮ. ಬೆಂಚು ಮುರೀಲಿಲ್ಲ ಪುಣ್ಯ." ರೊಟ್ಟಿಯನ್ನು ಕಾಗದದಲ್ಲಿ ಸುತ್ತುತ್ತಾ ದನಿ ತಗ್ಗಿಸಿದಳು. "ನಮ್ಮನೆಯವರು ಆವತ್ತಿಂದ ಮಾತಾಡ್ತಾ ಇದಾರೆ. ಎರಡು ವರ್ಷ ಆದ್ಮೇಲೆ. ಬೆಳಿಗ್ಗೆ ಎದ್ರೆ ಅದೇ, ಹಿಲ್ಗೆರೊ ಈಗ ಏನ್ ಮಾಡ್ತಿರ್ತಾನೆ ಅಂತ. ನನಗೇನ್ ಗೊತ್ತು? ಏನೋ ಒಂದು ಹೇಳ್ತೀನಿ. ನೀನೇ ಹೇಳಪ್ಪ, ಹೇಗಿದಾನೆ?"

ಹೇಳಬೇಕಾದದ್ದನ್ನು ಹೇಳದೆ ಜೇಬಿನಿಂದ ಚಿಲ್ಲರೆ ತೆಗೆದು ಎಣಿಸತೊಡಗಿದೆ. ಎಲ್ವಿರಳತ್ತ ನೋಡಿದೆ. ಅವಳು ಒಳಬಾಗಿಲಿನ ಕಡೆ ನೋಡುತ್ತಿದ್ದಳು. ಅಲ್ಲಿ ಕುರ್ಚಿಯಲ್ಲಿ ಮುದುಕ ನಮ್ಮ ಕಡೆಗೆ ಕತ್ತು ಚಾಚಿದ್ದ.

"ಚೆನ್ನಾಗಿದಾನೆ" ಎಂದಳು ಎಲ್ವಿರ, ಮುದುಕನಿಗೆ ಕೇಳಿಸಲಿ ಎಂದು ಗಟ್ಟಿಯಾಗಿ. "ಗಾಯ ಒಣಗಿದೆ. ಹಸುಗಳ ಜತೆ ಬಿಟ್ಟಿದೀವಿ. ಬೆಳಿಗ್ಗೆ ಹೊತ್ತು ಮೇಯ್ತಾನೆ, ಬಿಸಿಲೇರಿದ ಮೇಲೆ ನೆರಳಿಗೆ ಹೋಗಿ ಮಲಗ್ತಾನೆ. ಯಾರನ್ನೂ ಹತ್ರ ಬಿಟ್ಕೊಳಲ್ಲ."

ಮುದುಕನ ಒಂದು ಕಡೆಯ ತುಟಿ ಮಾತ್ರ ಅಲುಗಿತು. "ಬಿಡಬಾರದು" ಎಂದ. "ಬಿಡಬಾರದು ಅವನು."

ಗಾಡಿಯಲ್ಲಿ ಬಂದು ಕೂತೆವು. ಬಸ್ಸಿಗೆ ಇನ್ನೂ ಹೊತ್ತಿತ್ತು. ಎಲ್ವಿರ ರೊಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು, ಅದರ ಬಿಸಿ ಇನ್ನೂ ಆರಿರಲಿಲ್ಲ.

"ಚಿಕ್ಕಪ್ಪ" ಎಂದಳು. "ಅಪ್ಪ ಹೋದ ಮೇಲೆ ನಾನು ಸಂತೋಷವಾಗಿದ್ದದ್ದು ಅಂದ್ರೆ ಆ ಒಂದು ಮಧ್ಯಾಹ್ನ. ಬೆಂಚಿನ ಮೇಲೆ ನಿಂತಿದ್ದಾಗ. ಅದನ್ನ ಈಗ ಏನ್ ಮಾಡಲಿ?"

ಅದನ್ನು ನಾನು ದಿನವೂ ಪ್ರಾರ್ಥನೆಯಲ್ಲಿ ದೇವರನ್ನು ಕೇಳುತ್ತೇನೆ. ಅವನೂ ಇನ್ನೂ ಹೇಳಿಲ್ಲ. ಅಂದು ಅವಳ ಕೈ ಮೇಲೆ ಕೈ ಇಟ್ಟೆ. ನನ್ನ ಅಂಗೈಗೆ ಹಿಂದಿನ ದಿನ ಕೊಂಬಿನ ಸಿಬಿರು ಚುಚ್ಚಿತ್ತು. ಅವಳು ಅದನ್ನು ಕಂಡು, ಚೀಲದಿಂದ ಸಣ್ಣ ಚಿಮುಟ ತೆಗೆದು, ಬಸ್ಸು ಬರುವವರೆಗೂ ತಲೆ ಬಗ್ಗಿಸಿ ಅದನ್ನು ಕೀಳುತ್ತಾ ಕೂತಳು.